ಯೇಸುವಿನ ಪಾತ್ರಕ್ಕೆ ಯಾವ ಬಣ್ಣದ ನಟ ಬೇಕು?

ಓದುಗರ ಪ್ರಶ್ನೆ: ಯೇಸುವಿನ ಸಿನಿಮಾಗಳಲ್ಲಿ ಯಾವಾಗಲೂ ಬಿಳಿ ಮೈಬಣ್ಣದ, ನೀಲಿ ಕಣ್ಣಿನ ನಟರೇ ಯಾಕೆ? ಅವರು ಹುಟ್ಟಿದ್ದು ಪಶ್ಚಿಮ ಏಷ್ಯಾದಲ್ಲಿ ಅಲ್ವಾ? ಹಾಗಾದರೆ ಇದು ತಪ್ಪಲ್ಲವೇ? ಅಥವಾ ಭಕ್ತಿಯಿಂದ ಮಾಡಿದರೆ ಸಾಕು, ನಟ ಯಾರಾದರೇನು? ನಮ್ಮ ತಂಡ ಗುಡ್ ಫ್ರೈಡೇಗೆ ನಾಟಕ ಮಾಡುತ್ತಿದೆ. ಅಲ್ಲೂ ಇದೇ ಚರ್ಚೆ ಶುರುವಾಗಿದೆ.

ಉತ್ತರ: ನೇರ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಹೌದು, ನೀಲಿ ಕಣ್ಣಿನ ಯೇಸು ಚರಿತ್ರೆಗೆ ಹೊಂದುವುದಿಲ್ಲ. ಆದರೆ ಒಬ್ಬ ನಟನ ಮೈಬಣ್ಣವನ್ನಷ್ಟೇ ಅಳೆಯುತ್ತ ಕೂತರೆ ಅದಕ್ಕಿಂತ ದೊಡ್ಡ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ. ಯೇಸುವಿನ ಮುಖವನ್ನು ಅವರ ಸುತ್ತ ನಿಂತವರ ಮುಖಗಳ ಜೊತೆ ಇಟ್ಟು ನೋಡಬೇಕು. ನನಗೆ ಅಸಲಿ ಪ್ರಶ್ನೆ ಅಲ್ಲಿದೆ ಅನ್ನಿಸುತ್ತದೆ.

ಮೊದಲು ಬೈಬಲ್ ಏನು ಹೇಳುತ್ತದೆ ನೋಡೋಣ. ನಾಲ್ಕು ಸುವಾರ್ತೆಗಳಲ್ಲಿ ಎಲ್ಲೂ ಯೇಸುವಿನ ಎತ್ತರ, ಬಣ್ಣ, ಕೂದಲು, ಕಣ್ಣು ಯಾವುದರ ವರ್ಣನೆಯೂ ಇಲ್ಲ. ಒಂದು ಸಾಲೂ ಇಲ್ಲ. ಆದರೂ ಕಥೆಯೊಳಗೆ ಸುಳಿವುಗಳಿವೆ. ಬಾವಿಯ ಹತ್ತಿರ ಸಮಾರ್ಯದ ಹೆಂಗಸು ಯೇಸು ನೀರು ಕೇಳಿದ ಕೂಡಲೇ ಇವರು ಯೆಹೂದಿ ಎಂದು ಗುರುತಿಸುತ್ತಾಳೆ. ಸಮಾಧಿಯ ಬಳಿ ಮಗ್ದಲದ ಮರಿಯ ಅವರನ್ನು ತೋಟದ ಕೆಲಸದವನು ಅಂದುಕೊಳ್ಳುತ್ತಾಳೆ. ಗೆತ್ಸೆಮನೆ ತೋಟಕ್ಕೆ ಹಿಡಿಯಲು ಬಂದವರಿಗೆ ಯಾರು ಯೇಸು ಎಂದು ತೋರಿಸಲು ಅವರದೇ ಶಿಷ್ಯ ಯೂದ ಮುತ್ತಿಡಬೇಕಾಗುತ್ತದೆ. ಗುಂಪಿನಲ್ಲಿ ಅವರೊಬ್ಬರೇ ಎದ್ದು ಕಾಣುವಂತಿದ್ದರೆ ಆ ಮುತ್ತಿನ ಗುರುತು ಯಾಕೆ ಬೇಕಿತ್ತು? ಯೇಸು ತಮ್ಮ ಜನರ ಹಾಗೇ ಇದ್ದರು. ಪಾತ್ರ ಹಂಚುವವರಿಗೆ ಬೈಬಲ್ ಕೊಡುವ ಸೂಚನೆ ಇದೊಂದೇ, ಮತ್ತು ಇದು ತುಂಬಾ ಸ್ಪಷ್ಟವಾಗಿದೆ.

ಹಾಗಾದರೆ ಆ ಜನ ಹೇಗಿದ್ದರು? 2001ರಲ್ಲಿ ಬ್ರಿಟನ್ನಿನ ಮುಖ ಮರುರಚನೆ ತಜ್ಞ ರಿಚರ್ಡ್ ನೀವ್ ಮೊದಲ ಶತಮಾನದ ಒಬ್ಬ ಯೆಹೂದಿ ಗಂಡಸಿನ ತಲೆಬುರುಡೆ ಇಟ್ಟುಕೊಂಡು ಬಿಬಿಸಿಯ ಸಾಕ್ಷ್ಯಚಿತ್ರಕ್ಕಾಗಿ ಒಂದು ಮುಖವನ್ನು ಮರುರಚಿಸಿದರು. ಅಗಲ ಮುಖ, ಕಂದು ಮೈಬಣ್ಣ, ಗಿಡ್ಡ ಗುಂಗುರು ಕೂದಲು. ಬಹಳ ಜನ ಅದನ್ನು 'ಯೇಸುವಿನ ನಿಜವಾದ ಮುಖ' ಎಂದು ಹಂಚಿಕೊಂಡರು. ಅದು ಹಾಗಲ್ಲ. ಅದು ಆ ಕಾಲದ, ಆ ನಾಡಿನ ಯಾರೋ ಒಬ್ಬರ ಮುಖ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಜೋನ್ ಟೇಲರ್ ಇದೇ ವಿಷಯದ ಮೇಲೆ 2018ರಲ್ಲಿ ಒಂದು ಪುಸ್ತಕ ಬರೆದರು. ಎಲುಬು, ಬಟ್ಟೆ, ನಾಣ್ಯ, ಹಳೆಯ ಬರಹ ಎಲ್ಲ ಜೋಡಿಸಿ ಅವರು ಹೇಳುವುದು ಇಷ್ಟು: ಸುಮಾರು 166 ಸೆಂಟಿಮೀಟರ್ ಎತ್ತರ, ಕಂದು ಬಣ್ಣ, ಕಂದು ಕಣ್ಣು, ಕಪ್ಪು ಕೂದಲು. ಇಂದಿನ ಜನರಲ್ಲಿ ಹತ್ತಿರದ ಹೋಲಿಕೆ ಬೇಕೆಂದರೆ ಇರಾಕ್ ಮೂಲದ ಯೆಹೂದಿಗಳನ್ನು ನೋಡಿ ಅನ್ನುತ್ತಾರೆ. ಉದ್ದ ಕೂದಲೂ ಅನುಮಾನವೇ. ಗಂಡಸಿಗೆ ಉದ್ದ ಕೂದಲು ಅವಮಾನ ಎಂದು ಮೊದಲ ಕ್ರೈಸ್ತರ ಮುಂದಾಳು ಪೌಲನೇ ಕೊರಿಂಥದವರಿಗೆ ಬರೆದ ಪತ್ರದಲ್ಲಿ ಹೇಳುತ್ತಾನೆ. ತನ್ನ ಗುರು ಹೆಗಲವರೆಗೆ ಕೂದಲು ಬಿಟ್ಟಿದ್ದರೆ ಅವನು ಹಾಗೆ ಬರೆಯುತ್ತಿದ್ದನೇ?

ನಮಗೆ ಪರಿಚಿತವಾದ ಆ ಇನ್ನೊಂದು ಮುಖ ಎಲ್ಲಿಂದ ಬಂತು ಅನ್ನುವುದು ಸ್ವಲ್ಪ ಉದ್ದದ ಕಥೆ. ಸಿರಿಯಾದ ಯೂಫ್ರೆಟಿಸ್ ನದಿ ದಂಡೆಯ ದೂರಾ ಯೂರೋಪೋಸ್‌ನಲ್ಲಿ ಸುಮಾರು 235ರ ಗೋಡೆಚಿತ್ರಗಳು ಸಿಕ್ಕಿವೆ. ಯೇಸುವಿನ ಅತಿ ಹಳೆಯ ಚಿತ್ರಗಳಲ್ಲಿ ಇವೂ ಸೇರಿವೆ. ಅಲ್ಲಿ ಯೇಸುವಿಗೆ ಗಡ್ಡವಿಲ್ಲ, ಗಿಡ್ಡ ಕೂದಲು, ಸರಳ ಅಂಗಿ. ರೋಮ್‌ನ ನೆಲಮಾಳಿಗೆ ಸಮಾಧಿಗಳಲ್ಲೂ ಗಡ್ಡವಿಲ್ಲದ ಯುವಕ ಕುರುಬನಾಗಿ ಕಾಣುತ್ತಾರೆ. ಗಡ್ಡ, ಉದ್ದ ಕೂದಲು, ಗಂಭೀರ ನೋಟದ ರೂಪ ನೆಲೆಗೊಂಡದ್ದು ನಾಲ್ಕನೇ ಶತಮಾನದಿಂದೀಚೆಗೆ. ರೋಮ್ ಸಾಮ್ರಾಜ್ಯವೇ ಕ್ರೈಸ್ತವಾದಾಗ ದೇವರನ್ನು ಸಿಂಹಾಸನದ ಮೇಲೆ ಬರೆಯಬೇಕಾಯಿತು. ಕಲಾವಿದರಿಗೆ ಗೊತ್ತಿದ್ದ ಸಿಂಹಾಸನದ ದೇವರು ಗ್ರೀಕರ ದೇವರಾಜ ಜೀಯಸ್. ಆ ಗಡ್ಡ, ಆ ಕೂದಲು ಅಲ್ಲಿಂದ ಬಂದವು.

ಯೂರೋಪಿನ ಚಿತ್ರಕಾರರು ಮುಂದೆ ತಮ್ಮ ಸುತ್ತಲಿನ ಮುಖಗಳನ್ನೇ ಬರೆದರು. ಇದಕ್ಕೊಂದು ನಕಲಿ ಪತ್ರದ ಬಲವೂ ಸಿಕ್ಕಿತು. ಲೆಂಟುಲಸ್ ಎಂಬ ರೋಮನ್ ಅಧಿಕಾರಿ ಯೇಸುವನ್ನು ಕಣ್ಣಾರೆ ಕಂಡು ಬರೆದದ್ದು ಎಂದು ಹೇಳುವ ಪತ್ರ ಅದು. ನಡು ಬೈತಲೆ ತೆಗೆದ ಕೂದಲು, ಎರಡಾಗಿ ಸೀಳಿದ ಗಡ್ಡ ಎಲ್ಲ ಅದರಲ್ಲಿದೆ. ಅದು ಮಧ್ಯಯುಗದಲ್ಲಿ ಯಾರೋ ಕಟ್ಟಿದ ಕಟ್ಟುಕಥೆ. ಅಮೆರಿಕದ ವಾರ್ನರ್ ಸಾಲ್ಮನ್ 1940ರಲ್ಲಿ ಬರೆದ ತಿಳಿಗಂದು ಕೂದಲಿನ ಯೇಸುವಿನ ಚಿತ್ರವಂತೂ 50 ಕೋಟಿಗೂ ಹೆಚ್ಚು ಪ್ರತಿಗಳಾಗಿ ಜಗತ್ತಿಡೀ ಹರಡಿತು. ಪ್ರಾರ್ಥನೆ ಮಾಡುವಾಗ ಕಣ್ಣು ಮುಚ್ಚಿದರೆ ಎಷ್ಟೋ ಜನರಿಗೆ ಈಗಲೂ ಆ ಮುಖವೇ ಬರುತ್ತದೆ. ಅವರನ್ನು ದೂರಲು ನನಗೆ ಮನಸ್ಸಿಲ್ಲ. ಚಿಕ್ಕಂದಿನಿಂದ ಮನಸ್ಸಿನಲ್ಲಿ ಕೂತ ಮುಖ ಅಷ್ಟು ಸುಲಭವಾಗಿ ಹೋಗುವುದಿಲ್ಲ.

ಸಿನಿಮಾ ಈ ಮುಖವನ್ನೇ ಎತ್ತಿಕೊಂಡಿತು. 1961ರಲ್ಲಿ ಜೆಫ್ರಿ ಹಂಟರ್, 1965ರಲ್ಲಿ ಸ್ವೀಡನ್ನಿನ ಮ್ಯಾಕ್ಸ್ ವಾನ್ ಸಿಡೋ, 1977ರ ಟಿವಿ ಸರಣಿಯಲ್ಲಿ ರಾಬರ್ಟ್ ಪೊವೆಲ್. ಮೂವರದ್ದೂ ನೀಲಿ ಕಣ್ಣು. 1979ರಲ್ಲಿ ಬಂದ 'ಜೀಸಸ್' ಚಿತ್ರ ಎರಡು ಸಾವಿರಕ್ಕೂ ಹೆಚ್ಚು ಭಾಷೆಗಳಿಗೆ ಡಬ್ ಆಗಿದೆ. ಅದನ್ನು ಇಸ್ರೇಲ್‌ನಲ್ಲೇ ಚಿತ್ರಿಸಿದರು, ಸುತ್ತಲಿನ ಪಾತ್ರಗಳಿಗೆ ಹೆಚ್ಚಾಗಿ ಅಲ್ಲಿನ ನಟರನ್ನೇ ಹಾಕಿದರು. ಯೇಸು ಮಾತ್ರ ಬ್ರಿಟನ್ನಿನ ಬ್ರಯಾನ್ ಡೀಕನ್. ನಾನು ಮೊದಲು ಹೇಳಿದ ಮಾತು ಇಲ್ಲಿ ಬರುತ್ತದೆ. ಅಂಥ ದೃಶ್ಯ ನೋಡುವವರ ಮನಸ್ಸಿನಲ್ಲಿ ಏನು ಉಳಿಯುತ್ತದೆ? ಕಂದು ಜನರ ನಡುವೆ ಎಲ್ಲಿಂದಲೋ ಬಂದ ಒಬ್ಬ ಬಿಳಿಯ ಮನುಷ್ಯ. ಯೇಸು ಅಲ್ಲಿನವರಲ್ಲ, ಹೊರಗಿನವರು ಎಂಬ ಭಾವನೆ.

ಇದಕ್ಕಿಂತ ನೋವಿನ ಉದಾಹರಣೆ 1927ರ 'ದಿ ಕಿಂಗ್ ಆಫ್ ಕಿಂಗ್ಸ್'. ಅದರಲ್ಲಿ ಯೇಸುವಾಗಿದ್ದು ಇಂಗ್ಲೆಂಡಿನ ಎಚ್. ಬಿ. ವಾರ್ನರ್. ಯೇಸುವನ್ನು ಹಿಡಿದುಕೊಟ್ಟ ಯೂದ ಮತ್ತು ಮಹಾಯಾಜಕ ಕಾಯಫನ ಪಾತ್ರಗಳಿಗೆ ಮಾತ್ರ ನಿಜವಾದ ಯೆಹೂದಿ ನಟರು, ಷಿಲ್ಡ್‌ಕ್ರಾಟ್ ತಂದೆ ಮಗ. ಯೇಸು, ತಾಯಿ ಮರಿಯ, ಶಿಷ್ಯರಾದ ಪೇತ್ರ, ಯೋಹಾನ ಎಲ್ಲರೂ ಯೆಹೂದಿಗಳೇ ಅಲ್ವಾ? ಆದರೆ ತೆರೆಯ ಮೇಲೆ ಒಳ್ಳೆಯವರಿಗೆ ಯೂರೋಪಿನ ಮುಖ, ಕೆಟ್ಟವರಿಗೆ ಯೆಹೂದಿ ಮುಖ. ಯೆಹೂದಿ ಸಂಘಟನೆಗಳು ಆಗಲೇ ಪ್ರತಿಭಟಿಸಿದವು. ಅವರ ಹೆದರಿಕೆಗೆ ಕಾರಣವಿತ್ತು. ಕ್ರಿಸ್ತನ ಕೊನೆಯ ದಿನಗಳ ನಾಟಕ ನೋಡಿದ ಮೇಲೆ ಯೆಹೂದಿಗಳ ಮೇಲೆ ದ್ವೇಷ ಏಳುವುದು ಯೂರೋಪಿಗೆ ಹೊಸದಾಗಿರಲಿಲ್ಲ.

ಜರ್ಮನಿಯ ಓಬರಾಮರ್‌ಗೌ ಹಳ್ಳಿಯವರು 1634ರಿಂದ ಈ ನಾಟಕ ಆಡುತ್ತ ಬಂದಿದ್ದಾರೆ, ಈಗ ಹತ್ತು ವರ್ಷಕ್ಕೊಮ್ಮೆ. ಹಿಂದೆ ಅಲ್ಲಿ ಯೆಹೂದಿ ಯಾಜಕರ ತಲೆಗೆ ಕೊಂಬಿನಂಥ ಟೋಪಿ ಇರುತ್ತಿತ್ತು. ಹಿಟ್ಲರ್ 1934ರಲ್ಲಿ ಬಂದು ನೋಡಿ ಮೆಚ್ಚಿದ. 1939ರಲ್ಲಿ ಅದೇ ದೇಶದ ಐಸೆನಾಖ್‌ನಲ್ಲಿ ಕೆಲವು ಪ್ರೊಟೆಸ್ಟೆಂಟ್ ಪಂಡಿತರು ಒಂದು ಸಂಸ್ಥೆಯನ್ನೇ ತೆರೆದರು. ಜರ್ಮನ್ ಚರ್ಚಿನಿಂದ ಯೆಹೂದಿ ಪ್ರಭಾವವನ್ನು ಅಳಿಸುವುದೇ ಅದರ ಕೆಲಸ. ಅದರ ಮುಂದಾಳು ವಾಲ್ಟರ್ ಗ್ರುಂಡ್‌ಮನ್, ಯೇಸು ಯೆಹೂದಿಯೇ ಅಲ್ಲ ಎಂದು ವಾದಿಸಿದ. ಮುಖ ಬದಲಿಸಿದರೆ ಏನು ಮಹಾ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಇದು. ಯೇಸುವನ್ನು ಅವರ ಜನರಿಂದ ಬೇರ್ಪಡಿಸುವ ಕೆಲಸ ಎಷ್ಟು ದೂರ ಹೋಗಬಲ್ಲದು ಎಂಬುದನ್ನು ಜಗತ್ತು ಕಂಡಿದೆ. ಅದೇ ಓಬರಾಮರ್‌ಗೌ ನಾಟಕದ ಮಾತು, ವೇಷ ಎರಡನ್ನೂ ಈಗ ತುಂಬಾ ತಿದ್ದಿದ್ದಾರೆ. ಅಲ್ಲಿನ ಯೇಸು ಯೆಹೂದಿಯಾಗಿ ಹೀಬ್ರೂ ಭಾಷೆಯಲ್ಲಿ ಪ್ರಾರ್ಥಿಸುತ್ತಾರೆ.

ಈಗ ಇನ್ನೊಂದು ಮಗ್ಗುಲು. ಕಪ್ಪು ನಟ ಯೇಸುವಾದರೆ ಅದೂ ತಪ್ಪೇ? ಇಥಿಯೋಪಿಯಾದ ಹಳೆಯ ಚರ್ಚ್‌ಗಳಲ್ಲಿ ಯೇಸು ಅಲ್ಲಿನವರ ಹಾಗೇ ಕಾಣುತ್ತಾರೆ. ಚೀನಾ, ಜಪಾನ್‌ನ ಕಲಾವಿದರೂ ತಮ್ಮವರ ಮುಖ ಕೊಟ್ಟು ಬರೆದಿದ್ದಾರೆ. 2006ರ 'ಸನ್ ಆಫ್ ಮ್ಯಾನ್' ಚಿತ್ರ ಇಡೀ ಕಥೆಯನ್ನು ಇಂದಿನ ಆಫ್ರಿಕಾಕ್ಕೆ ತಂದಿತು. ಯೇಸು, ತಾಯಿ, ಶಿಷ್ಯರು, ಶತ್ರುಗಳು ಎಲ್ಲರೂ ಕಪ್ಪು ಜನರೇ. ನನ್ನ ಪ್ರಕಾರ ಇದರಲ್ಲಿ ಸುಳ್ಳಿಲ್ಲ. ಕಥೆ ನಮ್ಮ ನಡುವೆ ನಡೆದಿದ್ದರೆ ಹೇಗಿರುತ್ತಿತ್ತು ಎಂದು ಅವರು ಬಾಯಿಬಿಟ್ಟೇ ಹೇಳುತ್ತಿದ್ದಾರೆ. ಯೇಸು ಅಲ್ಲೂ ತಮ್ಮ ಜನರ ಹಾಗೇ ಇದ್ದಾರೆ. ಯೂರೋಪಿನ ಹಳೆಯ ಚಿತ್ರಕಾರರು ಮಾಡಿದ್ದೂ ಇದನ್ನೇ, ಹಾಗಾಗಿ ಅವರ ಮೇಲೂ ನನಗೆ ಕೋಪವಿಲ್ಲ. ತಕರಾರು ಬರುವುದು ಒಂದು ಸಿನಿಮಾ 'ಇದು ನಡೆದದ್ದು ನಡೆದ ಹಾಗೆ' ಎಂದು ಹೇಳಿಕೊಂಡಾಗ. ಆಗ ಚಪ್ಪಲಿ, ನಾಣ್ಯ, ಬಟ್ಟೆಯ ನೇಯ್ಗೆ ಎಲ್ಲ ಸರಿ ಇರಬೇಕು, ಮುಖ ಮಾತ್ರ ಹೇಗಾದರೂ ನಡೆಯುತ್ತದೆ ಅನ್ನುವುದು ಸರಿಯಲ್ಲ. 2004ರ 'ದಿ ಪ್ಯಾಷನ್ ಆಫ್ ದಿ ಕ್ರೈಸ್ಟ್'ನಲ್ಲಿ ಪಾತ್ರಗಳು ಅರಾಮಿಕ್, ಹೀಬ್ರೂ, ಲ್ಯಾಟಿನ್ ಮಾತಾಡಿದವು. ನಟ ಜಿಮ್ ಕವೀಝೆಲ್ ಅವರ ನೀಲಿ ಕಣ್ಣುಗಳನ್ನು ಕಂಪ್ಯೂಟರಿನಲ್ಲಿ ಕಂದು ಮಾಡಿದರು. ಕಣ್ಣಿನ ಬಣ್ಣ ತಪ್ಪು ಎಂದು ಅವರಿಗೇ ಗೊತ್ತಿತ್ತು ಎಂದಾಯಿತು. ಹಾಗಿದ್ದರೆ ಕಂದು ಕಣ್ಣಿನ ನಟನನ್ನೇ ಹುಡುಕಬಹುದಿತ್ತು.

ಹುಡುಕದಿರಲು ಕಾರಣ ಹೆಚ್ಚಾಗಿ ಹಣ. ಹೆಸರಿರುವ ನಟ ಇಲ್ಲದೆ ದೊಡ್ಡ ಚಿತ್ರಕ್ಕೆ ಬಂಡವಾಳ ಹುಟ್ಟುವುದಿಲ್ಲ ಎಂದು 2014ರಲ್ಲಿ ಮೋಶೆಯ ಕಥೆ ತೆಗೆದ ರಿಡ್ಲಿ ಸ್ಕಾಟ್ ಬಹಿರಂಗವಾಗಿಯೇ ಹೇಳಿದ್ದರು. ಈ ಮಾತು ಈಗ ಅಷ್ಟು ನಿಲ್ಲುವುದಿಲ್ಲ. 2015ರ ಒಂದು ಟಿವಿ ಚಿತ್ರದಲ್ಲಿ ಲೆಬನಾನ್ ಮೂಲದ ಹಾಝ್ ಸ್ಲೈಮನ್ ಯೇಸುವಾದರು. 'ದಿ ಚೋಸನ್' ಸರಣಿಯ ಜೊನಾಥನ್ ರೂಮಿ ಅವರ ತಂದೆಯ ಕಡೆಯವರು ಈಜಿಪ್ಟಿನವರು, ತಾಯಿ ಐರಿಷ್ ಮೂಲದವರು. ಆ ಸರಣಿಗೆ ಶುರುವಿನಲ್ಲಿ ಹಣ ಕೊಟ್ಟವರು ಸಾಮಾನ್ಯ ಪ್ರೇಕ್ಷಕರೇ. ಅದರಲ್ಲಿ ಪೇತ್ರನಾಗಿ ಇಸ್ರೇಲ್ ಮೂಲದ ಶಹರ್ ಐಸಾಕ್, ಮತ್ತಾಯನಾಗಿ ಭಾರತ ಮೂಲದ ಪಾರಸ್ ಪಟೇಲ್ ಇದ್ದಾರೆ. ಕಟ್ಟುನಿಟ್ಟಾಗಿ ನೋಡಿದರೆ ಎಲ್ಲರೂ ಯೇಸುವಿನ ಸೀಮೆಯಾದ ಗಲಿಲಾಯದವರ ಹಾಗಿಲ್ಲ. ಆದರೂ ಆ ಗುಂಪಿನಲ್ಲಿ ಯೇಸು ಎದ್ದು ಕಾಣುವುದಿಲ್ಲ, ಬೆರೆತುಹೋಗುತ್ತಾರೆ. ನನಗೆ ಅದೇ ದೊಡ್ಡ ಸಮಾಧಾನ.

ಬೇರೆ ಪಾತ್ರಗಳ ಬಗ್ಗೆಯೂ ಒಂದೆರಡು ಮಾತು. ಬೈಬಲಿನ 'ಅಪೊಸ್ತಲರ ಕೃತ್ಯಗಳು' ಪುಸ್ತಕದಲ್ಲಿ ಫಿಲಿಪ್ಪನಿಂದ ದೀಕ್ಷಾಸ್ನಾನ ಪಡೆಯುವ ಇಥಿಯೋಪ್ಯದ ಅಧಿಕಾರಿ ಇಂದಿನ ಸುಡಾನ್ ಇರುವ ನಾಡಿನವನು. ಅಲ್ಲಿ ಕಪ್ಪು ನಟನೇ ಸರಿ. ಶಿಲುಬೆ ಹೊತ್ತ ಕುರೇನೆಯ ಸೀಮೋನನ ವಿಷಯ ಅಷ್ಟು ಸರಳವಲ್ಲ. ಕುರೇನೆ ಆಫ್ರಿಕಾದ ಲಿಬಿಯಾದಲ್ಲಿದೆ, ಹಾಗಾಗಿ 1965ರ ಚಿತ್ರದಲ್ಲಿ ಕಪ್ಪು ನಟ ಸಿಡ್ನಿ ಪಾಯ್ಟಿಯರ್ ಆ ಪಾತ್ರ ಮಾಡಿದರು. ಆದರೆ ಕುರೇನೆಯಲ್ಲಿ ಯೆಹೂದಿಗಳು ಬಹಳ ಜನ ನೆಲೆಸಿದ್ದರು. ಸೀಮೋನ ಅವರಲ್ಲೊಬ್ಬ ಆಗಿರುವ ಸಾಧ್ಯತೆ ಜಾಸ್ತಿ. ಸಂತ ಅಗಸ್ಟಿನ್ 354ರಲ್ಲಿ ಹುಟ್ಟಿದ್ದು ಇಂದಿನ ಅಲ್ಜೀರಿಯಾದಲ್ಲಿ. ಅವರನ್ನು ಬಿಳಿ ಮುದುಕನಾಗಿ ತೋರಿಸುವುದೂ ಸುಮ್ನೆ ಅಭ್ಯಾಸಬಲ. ಪೌಲನನ್ನಂತೂ ಜೆರುಸಲೇಮಿನಲ್ಲಿ ರೋಮನ್ ಸೇನಾಧಿಕಾರಿಯೊಬ್ಬ ಈಜಿಪ್ಟಿನವನು ಎಂದೇ ತಿಳಿದಿದ್ದ.

ಇವತ್ತಿನ ಯಾವ ದೇಶದ ನಟ 'ಸರಿಯಾದವನು' ಎಂಬ ಜಗಳಕ್ಕೆ ಮಾತ್ರ ಕೊನೆಯಿಲ್ಲ. 2024ರಲ್ಲಿ ನೆಟ್‌ಫ್ಲಿಕ್ಸ್‌ನ 'ಮೇರಿ' ಚಿತ್ರಕ್ಕೆ ಇಸ್ರೇಲಿನ ನಟಿ ನೋವಾ ಕೋಹೆನ್ ಅವರನ್ನು ಆರಿಸಿದಾಗ, ಬೇತ್ಲೆಹೇಮ್ ಇರುವುದು ಪ್ಯಾಲೆಸ್ಟೀನಿಯರ ನಾಡಿನಲ್ಲಿ, ಪಾತ್ರ ಅವರಿಗೇ ಸಲ್ಲಬೇಕಿತ್ತು ಎಂದು ಹಲವರು ಕೇಳಿದರು. ಮರಿಯ ಯೆಹೂದಿ ಹೆಣ್ಣುಮಗಳು, ಅದರಲ್ಲಿ ಅನುಮಾನವಿಲ್ಲ. ಆ ನೆಲದ ಪ್ಯಾಲೆಸ್ಟೀನಿ ಕ್ರೈಸ್ತರು ತಲೆತಲಾಂತರದಿಂದ ಅಲ್ಲೇ ಇದ್ದಾರೆ, ಅದೂ ನಿಜ. ಎರಡು ಸಾವಿರ ವರ್ಷದ ಹಿಂದಿನ ಮುಖ ಈ ಇಬ್ಬರಲ್ಲೂ ಸಿಕ್ಕೀತು. ಆ ಜಗಳ ಇವತ್ತಿನ ಯುದ್ಧದ ನೋವಿನಿಂದ ಹುಟ್ಟಿದ್ದು. ನಟಿಯ ಆಯ್ಕೆಯಿಂದ ಅದು ಬಗೆಹರಿಯಲಾರದು.

ಇನ್ನು ನಿಮ್ಮ ನಾಟಕ. ನಿಮ್ಮ ತಂಡದಲ್ಲಿ ಇರುವವರು ನೀವೇ, ಹಾಗಾಗಿ ಯೇಸುವೂ ನಿಮ್ಮಲ್ಲೊಬ್ಬರೇ ಆಗುತ್ತಾರೆ. ಅದರಲ್ಲಿ ಏನೂ ತಪ್ಪಿಲ್ಲ. ಆದರೆ ಗುಂಪಿನಲ್ಲಿ ಎಲ್ಲರಿಗಿಂತ ಬೆಳ್ಳಗಿರುವ ಹುಡುಗನನ್ನು ಹುಡುಕಿ ಯೇಸು ಮಾಡಬೇಡಿ. ಕಪ್ಪಗಿರುವ ಹುಡುಗನಿಗೆ ಯೂದನ ಪಾತ್ರ ಕೊಟ್ಟು ಕೈತೊಳೆದುಕೊಳ್ಳಬೇಡಿ. ಅವನು ಮನೆಗೆ ಹೋಗಿ ಕನ್ನಡಿ ನೋಡಿಕೊಳ್ಳುತ್ತಾನೆ. ಮುಖಕ್ಕೆ ಬಿಳಿ ಪೌಡರ್, ಕಂದು ವಿಗ್, ಯಾಜಕರಿಗೆ ಅಂಟಿಸುವ ಡೊಂಕು ಮೂಗು ಯಾವುದೂ ಬೇಡ. ಯೇಸುವಿಗೂ ಹನ್ನೆರಡು ಶಿಷ್ಯರಿಗೂ ಒಂದೇ ಥರದ ಬಟ್ಟೆ ಹಾಕಿಸಿ. ಗೆತ್ಸೆಮನೆಯ ದೃಶ್ಯದಲ್ಲಿ ದೀಪ ಕಡಿಮೆ ಮಾಡಿ, ಎಲ್ಲರನ್ನೂ ಒತ್ತಾಗಿ ನಿಲ್ಲಿಸಿ. ಸೈನಿಕರು ಒಳಗೆ ಬಂದು ಒಂದೊಂದೇ ಮುಖಕ್ಕೆ ಪಂಜು ಹಿಡಿದು ನೋಡಲಿ, ಗೊತ್ತಾಗದೆ ಯೂದನ ಕಡೆ ತಿರುಗಲಿ.