‘ಕಾಸಾಬ್ಲಾಂಕಾ’ದ ಜೂಜುಮೇಜಿನ ಹಿಂದೆ ನಿಂತ ಆ ನಟ ಯಾರು?

ಪ್ರಶ್ನೆ: ಫ್ರೆಂಚ್ ನಿರ್ದೇಶಕ ಜಾನ್ ರೆನ್ವಾರ್ ಅವರ ‘ರೂಲ್ಸ್ ಆಫ್ ದ ಗೇಮ್’ ಚಿತ್ರದಲ್ಲಿ ಮಾರ್ಕ್ವಿಸ್ ಎಂಬ ಪದವಿಯ ಕುಲೀನನ ಪಾತ್ರ ಮಾಡಿದ ನಟನೇ ಹಾಲಿವುಡ್ ಚಿತ್ರ ‘ಕಾಸಾಬ್ಲಾಂಕಾ’ದಲ್ಲಿ ಜೂಜಿನ ರೂಲೆಟ್ ಚಕ್ರ ತಿರುಗಿಸುವವನೂ ಹೌದೇ? ಹೌದಾದರೆ ಮೂರೇ ವರ್ಷಗಳಲ್ಲಿ ಅಂಥ ದೊಡ್ಡ ಪಾತ್ರದಿಂದ ಇಷ್ಟು ಚಿಕ್ಕ ಪಾತ್ರಕ್ಕೆ ಇಳಿದದ್ದೇಕೆ?

ಉತ್ತರ: ಹೌದು, ಇಬ್ಬರೂ ಒಬ್ಬರೇ. ಅವರ ಹೆಸರು ಮಾರ್ಸೆಲ್ ದಾಲಿಯೊ. ‘ಕಾಸಾಬ್ಲಾಂಕಾ’ದ ಹೆಸರುಪಟ್ಟಿಯಲ್ಲಿ ಅವರ ಹೆಸರೇ ಇಲ್ಲ. ಹಾಗಾಗಿ ‘ಈ ಮುಖವನ್ನು ಎಲ್ಲೋ ನೋಡಿದ್ದೇನಲ್ಲ’ ಎಂದು ತಲೆ ಕೆರೆದುಕೊಳ್ಳುವವರು ಇಂದಿಗೂ ಇದ್ದಾರೆ.

ಎರಡನೆಯ ಪ್ರಶ್ನೆಗೆ ಉತ್ತರ 1940ರ ಜೂನ್ ತಿಂಗಳಲ್ಲಿದೆ. ಆದರೆ ಆಗ ಅವರು ಏನನ್ನು ಬಿಟ್ಟು ಹೊರಟರು ಎಂಬುದನ್ನು ಮೊದಲು ಹೇಳಬೇಕು.

ದಾಲಿಯೊ ಹುಟ್ಟಿದ್ದು ಪ್ಯಾರಿಸಿನಲ್ಲಿ, ರುಮೇನಿಯಾದಿಂದ ವಲಸೆ ಬಂದ ಯಹೂದಿ ಕುಟುಂಬದಲ್ಲಿ. ಮನೆಯಲ್ಲಿಟ್ಟ ಹೆಸರು ಇಸ್ರೇಲ್ ಬ್ಲೌಷಿಲ್ಡ್. ಪ್ಯಾರಿಸಿನ ಕನ್ಸರ್ವೇಟರಿಯಲ್ಲಿ ಅಭಿನಯ ಕಲಿತು, 1920ರ ದಶಕದಲ್ಲಿ ಹಾಡು, ಕುಣಿತ, ಹಾಸ್ಯಗಳನ್ನು ಬೆರೆಸಿದ ರಂಗಪ್ರದರ್ಶನಗಳಲ್ಲಿ ಪಳಗಿದರು. ಸಿನಿಮಾಕ್ಕೆ ಬಂದದ್ದು ಮೂವತ್ತರ ದಶಕದಲ್ಲಿ. ಕುಳ್ಳ ದೇಹ, ದೊಡ್ಡ ಕಣ್ಣು, ಒಂದು ಕಡೆ ನಿಲ್ಲಲಾರದ ಚಡಪಡಿಕೆ. ಇಂಥ ನಟನಿಗೆ ಫ್ರೆಂಚ್ ಚಿತ್ರರಂಗ ಕೊಟ್ಟದ್ದು ಚಾಡಿಕೋರ, ಮೋಸಗಾರ, ಸಂಶಯಾಸ್ಪದ ಪರದೇಶಿಯ ಪಾತ್ರಗಳನ್ನು. 1937ರ ‘ಪೆಪೆ ಲ ಮೋಕೊ’ದಲ್ಲಿ ಅವರು ಪೊಲೀಸರಿಗೆ ಸುಳಿವು ಕೊಡುವ ಮಾಹಿತಿದಾರ.

ಅದೇ ವರ್ಷ ರೆನ್ವಾರ್ ದಾಲಿಯೊ ಅವರಿಗೆ ಬೇರೆಯದೇ ಬಾಗಿಲು ತೆರೆದರು. ‘ಗ್ರಾಂಡ್ ಇಲ್ಯೂಷನ್’ ಚಿತ್ರದಲ್ಲಿ ದಾಲಿಯೊ ರೋಸೆಂತಾಲ್ ಎಂಬ ಶ್ರೀಮಂತ ಯಹೂದಿ ಅಧಿಕಾರಿ. ಮೊದಲ ಮಹಾಯುದ್ಧದಲ್ಲಿ ಜರ್ಮನರ ಸೆರೆಯಾಳು. ಮನೆಯಿಂದ ಬರುವ ತಿಂಡಿತೀರ್ಥದ ಪೊಟ್ಟಣಗಳನ್ನು ಜೊತೆಯವರಿಗೆಲ್ಲ ಹಂಚಿ ಉಣ್ಣುವವನು. ಅವನೂ ಜಾನ್ ಗಾಬಿನ್ ಅಭಿನಯದ ಮಾರೆಷಾಲನೂ ಸೆರೆಯಿಂದ ತಪ್ಪಿಸಿಕೊಂಡು ಚಳಿಯಲ್ಲಿ ನಡೆಯುವ ದೃಶ್ಯವನ್ನು ಗಮನವಿಟ್ಟು ನೋಡಿ. ರೋಸೆಂತಾಲನ ಕಾಲು ಉಳುಕಿದೆ, ಇಬ್ಬರಿಗೂ ಹಸಿವು. ಸಹನೆ ಕೆಟ್ಟ ಮಾರೆಷಾಲ್ ಅವನ ಯಹೂದಿತನವನ್ನೇ ಎತ್ತಿ ಹೀಯಾಳಿಸಿ ಮುಂದೆ ಹೊರಟುಬಿಡುತ್ತಾನೆ. ಬಂಡೆಯ ಮೇಲೆ ಒಂಟಿಯಾಗಿ ಕುಳಿತ ರೋಸೆಂತಾಲ್ ಸಿಟ್ಟಿನಿಂದ, ಅಳು ನುಂಗಿಕೊಂಡು, ಮಕ್ಕಳ ಹಾಡೊಂದನ್ನು ಕಿರುಚಿ ಹಾಡುತ್ತಾನೆ. ಸ್ವಲ್ಪ ಹೊತ್ತಿಗೆ ಮಾರೆಷಾಲ್ ಮರಳಿ ಬರುತ್ತಾನೆ. ಕ್ಷಮೆಯ ಮಾತು, ಕಣ್ಣೀರು ಯಾವುದೂ ಇಲ್ಲ. ಮತ್ತೆ ಹೆಗಲು ಕೊಟ್ಟು ನಡೆಯುತ್ತಾರೆ, ಅಷ್ಟೇ. ಗಾಬಿನ್ ಆಗ ಫ್ರಾನ್ಸಿನ ಅತಿದೊಡ್ಡ ತಾರೆ. ಆದರೂ ಆ ದೃಶ್ಯದ ನೋವೆಲ್ಲ ದಾಲಿಯೊ ಅವರ ಒಡೆದ ಕಂಠದಲ್ಲಿದೆ.

1939ರಲ್ಲಿ ಬಂದ ‘ರೂಲ್ಸ್ ಆಫ್ ದ ಗೇಮ್’ನಲ್ಲಿ ರೆನ್ವಾರ್ ಇನ್ನೂ ದೊಡ್ಡ ಧೈರ್ಯ ಮಾಡಿದರು. ಚಾಡಿಕೋರನ ಪಾತ್ರಗಳಿಗೆ ಹೆಸರಾದ ನಟನನ್ನು ಹಳ್ಳಿಯ ಮಹಲು, ಬೇಟೆಯ ಕಾಡು, ಆಳುಕಾಳುಗಳ ಒಡೆಯನಾದ ಮಾರ್ಕ್ವಿಸ್ ಮಾಡಿದರು. ಅಡುಗೆಮನೆಯಲ್ಲಿ ಸೇವಕರು ಊಟಕ್ಕೆ ಕುಳಿತು, ಯಜಮಾನರ ತಾಯಿಯ ತಂದೆ ಫ್ರಾಂಕ್‌ಫರ್ಟಿನಿಂದ ಬಂದ ರೋಸೆಂತಾಲ್ ಎಂಬುವನಂತೆ ಎಂದು ಆಡಿಕೊಳ್ಳುತ್ತಾರೆ. ಹಿಂದಿನ ಚಿತ್ರದ ಹೆಸರನ್ನೇ ರೆನ್ವಾರ್ ಇಲ್ಲಿ ಮತ್ತೆ ತಂದಿದ್ದಾರೆ. ಆಗ ಅಡುಗೆಯವನು, ಆಲೂಗಡ್ಡೆ ಸಲಾಡ್ ಸರಿಯಾಗಿ ಮಾಡಿರಲಿಲ್ಲವೆಂದು ಯಜಮಾನರು ತನ್ನನ್ನು ಕರೆಸಿ ಬೈದದ್ದನ್ನು ಹೇಳಿ, ರುಚಿ ಬಲ್ಲವರೆಂದರೆ ಇವರೇ ಎಂದು ಮೆಚ್ಚಿಕೊಳ್ಳುತ್ತಾನೆ. ತನ್ನ ಮನೆಯಲ್ಲೇ ಅರ್ಧ ಹೊರಗಿನವನಾಗಿರುವ ಯಜಮಾನ! ಈ ಅಭದ್ರತೆಯನ್ನು ದಾಲಿಯೊ ಸೌಜನ್ಯದಲ್ಲಿ ಮುಚ್ಚಿಡುವ ಬಗೆಯೇ ಆ ಪಾತ್ರದ ಜೀವಾಳ.

ಅವರ ಇಡೀ ವೃತ್ತಿಜೀವನದಿಂದ ಒಂದೇ ಕ್ಷಣವನ್ನು ಆರಿಸಿಕೊಳ್ಳಿ ಎಂದರೆ ನಾನು ಆರಿಸುವುದು ಈ ಚಿತ್ರದ ಯಂತ್ರವಾದ್ಯದ ದೃಶ್ಯವನ್ನು. ಮಾರ್ಕ್ವಿಸನಿಗೆ ಕೀಲಿ ಕೊಟ್ಟರೆ ಆಡುವ ಗೊಂಬೆಗಳು, ತಾವಾಗಿ ನುಡಿಯುವ ವಾದ್ಯಗಳು ಎಂದರೆ ಪ್ರಾಣ. ತನ್ನ ಸಂಗ್ರಹಕ್ಕೆ ಹೊಸದಾಗಿ ಬಂದ ದೊಡ್ಡ ವಾದ್ಯವನ್ನು ಅತಿಥಿಗಳೆದುರು ಅನಾವರಣ ಮಾಡುತ್ತಾನೆ. ದೀಪಗಳು ಹತ್ತುತ್ತವೆ, ಗೊಂಬೆಗಳು ಆಡುತ್ತವೆ, ಕ್ಯಾಮೆರಾ ಅವುಗಳ ಮೇಲೆ ಸರಿದು ಅವನ ಮುಖದ ಮೇಲೆ ನಿಲ್ಲುತ್ತದೆ. ಅಲ್ಲಿ ಹೆಮ್ಮೆಯೂ ಇದೆ, ನಾಚಿಕೆಯೂ ಇದೆ. ಜನ ಮೆಚ್ಚುತ್ತಾರೋ ಇಲ್ಲವೋ ಎಂಬ ಅಳುಕೂ ಇದೆ. ಈ ಒಂದು ಶಾಟ್‌ಗೆ ಎರಡು ದಿನ ಹಿಡಿಯಿತು, ತಾನು ತೆಗೆದ ಶಾಟ್‌ಗಳಲ್ಲೆಲ್ಲ ಇದೇ ಶ್ರೇಷ್ಠ ಎಂದು ರೆನ್ವಾರ್ ಮುಂದೆ ಹೇಳಿಕೊಂಡರು. ಚಿತ್ರ ಮಾತ್ರ ಬಿಡುಗಡೆಯಾದಾಗ ಕೂಗು, ಗಲಾಟೆಗಳನ್ನು ಎದುರಿಸಿತು. ಯುದ್ಧ ಶುರುವಾದಾಗ ಸರ್ಕಾರ ಅದನ್ನು ನಿಷೇಧಿಸಿತು.

1940ರ ಜೂನ್‌ನಲ್ಲಿ ಜರ್ಮನ್ ಸೇನೆ ಪ್ಯಾರಿಸನ್ನು ಸಮೀಪಿಸಿದಾಗ ದಾಲಿಯೊ ತಮ್ಮ ಎಳೆಯ ಪತ್ನಿ, ನಟಿ ಮ್ಯಾಡಲೀನ್ ಲೆಬೋ ಜೊತೆ ಊರು ಬಿಟ್ಟು ಲಿಸ್ಬನ್ ಸೇರಿದರು. ಅಲ್ಲಿ ಚಿಲಿ ದೇಶದ ವೀಸಾ ಹಿಡಿದು ಹಡಗು ಹತ್ತಿದರೆ, ಮೆಕ್ಸಿಕೊದಲ್ಲಿ ಆ ವೀಸಾಗಳೇ ನಕಲಿ ಎಂದಾಯಿತು. ಕೊನೆಗೆ ಕೆನಡಾದ ತಾತ್ಕಾಲಿಕ ಪಾಸ್‌ಪೋರ್ಟ್ ದೊರೆತು ಅಮೆರಿಕ ಸೇರಿದರು. ಇತ್ತ ಪ್ಯಾರಿಸಿನಲ್ಲಿ ನಾಜಿಗಳು ‘ಯಹೂದಿಯ ಮುಖ ಹೀಗಿರುತ್ತದೆ’ ಎಂದು ತೋರಿಸಲು ಅವರ ಚಿತ್ರವನ್ನೇ ಪೋಸ್ಟರುಗಳಲ್ಲಿ ಬಳಸಿದರು. ಯುರೋಪಿನಲ್ಲಿ ಉಳಿದ ಅವರ ಕುಟುಂಬದವರು ನಾಜಿ ಶಿಬಿರಗಳಲ್ಲಿ ಸತ್ತರು.

ಇಷ್ಟು ತಿಳಿದ ಮೇಲೆ ‘ಇಳಿದದ್ದೇಕೆ’ ಎಂದು ಕೇಳುವುದು ನನಗೆ ಕಷ್ಟವಾಗುತ್ತದೆ. ನಲವತ್ತು ದಾಟಿದ, ಇಂಗ್ಲಿಷನ್ನು ಗಾಢ ಫ್ರೆಂಚ್ ಉಚ್ಚಾರಣೆಯಲ್ಲಿ ಆಡುವ ನಿರಾಶ್ರಿತನಿಗೆ ಹಾಲಿವುಡ್ ಏನು ಕೊಡುತ್ತದೆ? ಹೋಟೆಲಿನವನು, ಪೊಲೀಸಿನವನು, ಜೂಜುಮೇಜಿನವನು. ‘ಕಾಸಾಬ್ಲಾಂಕಾ’ಕ್ಕೂ ಮುಂಚೆ ‘ದ ಶಾಂಘೈ ಜೆಸ್ಚರ್’ ಚಿತ್ರದಲ್ಲಿ ಅವರು ಇದೇ ಚಕ್ರ ತಿರುಗಿಸಿದ್ದರು.

‘ಕಾಸಾಬ್ಲಾಂಕಾ’ದಲ್ಲಿ ಅವರು ಎಮಿಲ್. ಬಲ್ಗೇರಿಯಾದ ಬಡ ದಂಪತಿಗೆ ಹಣ ಸಿಗಲೆಂದು ಅಲ್ಲಿನ ಮಾಲೀಕ, ಹಂಫ್ರಿ ಬೋಗಾರ್ಟ್ ಅಭಿನಯದ ರಿಕ್, 22ನೇ ಸಂಖ್ಯೆಗೆ ಕಟ್ಟಲು ಹೇಳಿದಾಗ ಎಮಿಲ್ ಮೇಲೆ ನೋಡುತ್ತಾನೆ. ಇಬ್ಬರ ಕಣ್ಣುಗಳು ಒಂದು ಕ್ಷಣ ಕೂಡುತ್ತವೆ. ಚಕ್ರದ ಗುಂಡು 22ರಲ್ಲಿ ನಿಲ್ಲುತ್ತದೆ, ಮತ್ತೊಮ್ಮೆಯೂ ಅಲ್ಲಿಯೇ. ಒಂದು ಮಾತಿಲ್ಲದೆ ಒಂದು ಇಡೀ ಒಳಸಂಚು ನಡೆದುಹೋಗುತ್ತದೆ. ಇಲ್ಲಿ ಜೂಜು ನಡೆಯುತ್ತಿದೆಯೇ ಎಂದು ಬೆಚ್ಚಿಬಿದ್ದವನಂತೆ ಅಂಗಡಿ ಮುಚ್ಚಿಸುವ ಪೊಲೀಸ್ ಅಧಿಕಾರಿ ರೆನೋನ ಕೈಗೆ ಅವನೇ ಗೆದ್ದ ಹಣವನ್ನು ತಂದಿಡುವವನೂ ಈ ಎಮಿಲ್. ಆ ಗಳಿಗೆಗೆ ಅರೆಕ್ಷಣ ಆಚೀಚೆಯಾಗಿದ್ದರೂ ಚಿತ್ರರಂಗದ ಅತಿ ಪ್ರಸಿದ್ಧ ನಗೆಗಳಲ್ಲೊಂದು ನೆಲಕಚ್ಚುತ್ತಿತ್ತು. ಅದೇ ಚಿತ್ರದಲ್ಲಿ ಕಣ್ಣೀರಿಟ್ಟು ಫ್ರಾನ್ಸಿನ ರಾಷ್ಟ್ರಗೀತೆ ಹಾಡುವ ಯುವೊನ್ ಪಾತ್ರ ಲೆಬೋ ಅವರದು. ಚಿತ್ರೀಕರಣ ನಡೆಯುತ್ತಿರುವಾಗಲೇ ಅವರಿಬ್ಬರ ವಿಚ್ಛೇದನದ ಅರ್ಜಿ ಲಾಸ್ ಏಂಜಲೀಸ್ ನ್ಯಾಯಾಲಯಕ್ಕೆ ಹೋಗಿತ್ತು.

ಹಾಲಿವುಡ್‌ನಲ್ಲಿ ಅವರಿಗೆ ಬರೀ ಬೆರಳೆಣಿಕೆಯ ಮಾತುಗಳೇ ಸಿಕ್ಕವು ಎಂದೇನಲ್ಲ. 1944ರ ‘ಟು ಹ್ಯಾವ್ ಆ್ಯಂಡ್ ಹ್ಯಾವ್ ನಾಟ್’ನಲ್ಲಿ ಬೋಗಾರ್ಟ್ ಎದುರು ಹೋಟೆಲ್ ಮಾಲೀಕನಾಗಿ ಒಳ್ಳೆಯ ಪಾತ್ರವಿತ್ತು. ಯುದ್ಧ ಮುಗಿದ ಮೇಲೆ ಫ್ರಾನ್ಸಿಗೆ ಮರಳಿದರು, ಮತ್ತೆ ಅಮೆರಿಕಕ್ಕೂ ಹೋಗಿಬಂದರು. 1954ರ ‘ಸಬ್ರೀನಾ’ದಲ್ಲಿ ಪ್ಯಾರಿಸಿನ ಅಡುಗೆ ಶಾಲೆಯ ಮುದುಕ ಬ್ಯಾರನ್ ಇವರೇ. ಆಡ್ರೆ ಹೆಪ್‌ಬರ್ನ್‌ಳ ಸೂಫ್ಲೆ (ಒಲೆಯಲ್ಲಿ ಉಬ್ಬಿಸುವ ಮೊಟ್ಟೆಯ ತಿನಿಸು) ಉಬ್ಬದಿರುವುದನ್ನು ಕಂಡು, ಒಲೆ ಹೊತ್ತಿಸಲು ಮರೆತಿದ್ದಾಳೆಂದರೆ ಇವಳ ಪ್ರೇಮ ಕೈಗೂಡಿಲ್ಲ ಎಂದು ಪತ್ತೆ ಹಚ್ಚುವವರು. ಮರುವರ್ಷ ‘ಕಾಸಾಬ್ಲಾಂಕಾ’ ಟಿವಿ ಸರಣಿಯಾದಾಗ ಆ ಪೊಲೀಸ್ ಅಧಿಕಾರಿಯ ಪಾತ್ರ ದಾಲಿಯೊ ಅವರಿಗೇ ಬಂತು. ಈಗ ಹಣ ಪಡೆಯುವ ಸರದಿ ಅವರದು!

1973ರಲ್ಲಿ ಫ್ರಾನ್ಸಿನಲ್ಲಿ ಭರ್ಜರಿಯಾಗಿ ಓಡಿದ ಹಾಸ್ಯಚಿತ್ರ ‘ರಬ್ಬಿ ಜೇಕಬ್’ನಲ್ಲಿ ಶೀರ್ಷಿಕೆಯ ರಬ್ಬಿಯಾಗಿ ಕಾಣಿಸಿಕೊಂಡದ್ದು ಅವರೇ: ಬಹುಕಾಲ ನ್ಯೂಯಾರ್ಕಿನಲ್ಲಿದ್ದು ಹುಟ್ಟಿದ ನೆಲಕ್ಕೆ ಬರುವ ಯಹೂದಿ ಧರ್ಮಗುರು. ಒಮ್ಮೆ ಅವರ ಮುಖವನ್ನು ದ್ವೇಷದ ಪೋಸ್ಟರಿಗೆ ಅಂಟಿಸಿದ್ದ ಪ್ಯಾರಿಸಿನಲ್ಲಿ ಜನ ಆ ಮುಖವನ್ನು ನೋಡಲು ಸಾಲುಗಟ್ಟಿದರು. ಹತ್ತು ವರ್ಷಗಳ ಬಳಿಕ, 1983ರ ನವೆಂಬರ್‌ನಲ್ಲಿ, ಅವರು ಅಲ್ಲಿಯೇ ನಿಧನರಾದರು.

ಈಗ ನೋಡಲು ಹೊರಟವರು ‘ಗ್ರಾಂಡ್ ಇಲ್ಯೂಷನ್’ನಿಂದ ಆರಂಭಿಸಿ, ಆಮೇಲೆ ‘ರೂಲ್ಸ್ ಆಫ್ ದ ಗೇಮ್’ ನೋಡಿ. ಅವೆರಡೂ ಆದ ಮೇಲೆ ‘ಕಾಸಾಬ್ಲಾಂಕಾ’ವನ್ನು ಇನ್ನೊಮ್ಮೆ ಹಾಕಿ, ಜೂಜಿನ ಕೋಣೆಯ ದೃಶ್ಯಗಳಲ್ಲಿ ಬೋಗಾರ್ಟ್‌ನಿಂದ ಕಣ್ಣು ಕಿತ್ತು ಎಮಿಲ್‌ನ ಮೇಲಿಡಿ.