ಮೇಳವನ್ನು ಏನು ಮಾಡುವುದು? ಗ್ರೀಕ್ ರುದ್ರನಾಟಕ ಮತ್ತೆ ರಂಗಕ್ಕೆ ಬಂದ ಬಗೆ

ಗ್ರೀಕ್ ರುದ್ರನಾಟಕ ಆಡಿಸಲು ಹೊರಟವರು ಈಡಿಪಸ್ ಪಾತ್ರ ಯಾರಿಗೆ ಎಂಬುದನ್ನು ಒಂದೇ ದಿನದಲ್ಲಿ ತೀರ್ಮಾನಿಸಿಬಿಡಬಹುದು. ಮೇಳದ (ಒಟ್ಟಾಗಿ ಹಾಡಿ ಕುಣಿಯುವ ಗುಂಪಿನ, ಅಂದರೆ ಕೋರಸ್‌ನ) ಹನ್ನೆರಡೋ ಹದಿನೈದೋ ಮಂದಿಯನ್ನು ಏನು ಮಾಡುವುದು ಎಂಬುದು ಮಾತ್ರ ತಾಲೀಮಿನ ಕೊನೆಯ ವಾರದವರೆಗೂ ಕಾಡುತ್ತದೆ. ಕಥೆಯನ್ನು ಮುಂದೆ ತಳ್ಳುವ ಕೆಲಸವನ್ನು ಇವರು ಮಾಡುವುದು ಅಪರೂಪ. ಆದರೆ ಒಮ್ಮೆ ಒಳಗೆ ಬಂದರೆಂದರೆ ಬಹುಮಟ್ಟಿಗೆ ಕೊನೆಯತನಕ ಅಲ್ಲೇ ಇರುತ್ತಾರೆ. ಕೊಲೆಯ ಸಂಚು ಇವರ ಕಣ್ಣೆದುರೇ ನಡೆಯುತ್ತದೆ. ಯಾರೂ ಅಡ್ಡ ಹೋಗುವುದಿಲ್ಲ. ಕಳೆದ 180 ವರ್ಷಗಳ ಮುಖ್ಯ ರೂಪಾಂತರಗಳನ್ನು ನೋಡುತ್ತ ಹೋದರೆ, ಪ್ರತಿಯೊಂದರ ಹಣೆಬರಹವೂ ಈ ಮೇಳವನ್ನು ಹೇಗೆ ನಿಭಾಯಿಸಿದರು ಎಂಬುದರ ಮೇಲೆ ನಿಂತಿದೆ.

ಕ್ರಿಸ್ತಪೂರ್ವ 5ನೇ ಶತಮಾನದ ಅಥೆನ್ಸಿನಲ್ಲಿ ಇದು ತೊಡಕೇ ಆಗಿರಲಿಲ್ಲ. ಮೇಳದವರು ವೃತ್ತಿನಟರಲ್ಲ, ಊರಿನ ನಾಗರಿಕರು. ಅವರ ತರಬೇತಿ ಮತ್ತು ವೇಷಭೂಷಣದ ಖರ್ಚನ್ನು ಒಬ್ಬ ಸಿರಿವಂತ ಸಾರ್ವಜನಿಕ ಕರ್ತವ್ಯವೆಂದು ಹೊರಬೇಕಿತ್ತು. ನಾಟಕಕಾರ ಈಸ್ಕಿಲಸ್‌ನ ಕಾಲಕ್ಕೆ 12 ಇದ್ದ ಸಂಖ್ಯೆಯನ್ನು ಅವನ ನಂತರದ ಸೋಫೊಕ್ಲಿಸ್ 15ಕ್ಕೆ ಏರಿಸಿದನೆಂದು ಪರಂಪರೆ ಹೇಳುತ್ತದೆ. ಮಾತಾಡುವ ನಟರು ಮೂವರೇ. ಉಳಿದದ್ದೆಲ್ಲ ಮೇಳದ ಪಾಲು. ಜೋಡಿ ಕೊಳವೆಯ ಔಲೋಸ್ ವಾದ್ಯಕ್ಕೆ ಹಾಡುತ್ತ, ರಂಗದ ಮುಂದಿನ ಅಂಗಳದಲ್ಲಿ ಕುಣಿಯುತ್ತ ಆಟವನ್ನು ತುಂಬುತ್ತಿದ್ದರು. ಎಪಿಡಾರಸ್‌ನಲ್ಲಿ ಇಂದಿಗೂ ಉಳಿದಿರುವ ವೃತ್ತಾಕಾರದ ಅಂಗಳದ ಅಡ್ಡಗಲ ಸುಮಾರು 20 ಮೀಟರ್. ಮಾತು ನಮಗೆ ದಕ್ಕಿದೆ. ಸಂಗೀತ ಒಂದೆರಡು ಪಪೈರಸ್ ಚೂರುಗಳ ಹೊರತು ಹೋಗಿದೆ, ಕುಣಿತವಂತೂ ಪೂರ್ತಿ ಹೋಗಿದೆ. ಹೀಗಾಗಿ ಹಾಡಿ ಕುಣಿಯಲೆಂದು ಬರೆದ ಪದ್ಯಗಳು ಇಂದಿನ ನಿರ್ದೇಶಕರ ಕೈಗೆ ಬರಿಯ ಮಾತಾಗಿ ಸಿಗುತ್ತವೆ.

ಆಧುನಿಕ ಪ್ರಯೋಗಗಳ ಲೆಕ್ಕವನ್ನು ಸಾಮಾನ್ಯವಾಗಿ 1841ರ ಅಕ್ಟೋಬರ್‌ನಿಂದ ಹಿಡಿಯುತ್ತಾರೆ. ಪ್ರಷ್ಯದ ದೊರೆಯ ಆಸೆಯಂತೆ ಪಾಟ್ಸ್‌ಡ್ಯಾಮ್ ಅರಮನೆಯಲ್ಲಿ ಸೋಫೊಕ್ಲಿಸ್‌ನ ‘ಆಂಟಿಗೊನೆ’ ಆಡಿದರು, ದೊರೆ ಕ್ರೆಯಾನ್‌ನ ಆಜ್ಞೆ ಮೀರಿ ಅಣ್ಣನ ಹೆಣಕ್ಕೆ ಮಣ್ಣು ಕೊಟ್ಟವಳ ಕಥೆ. ಮೇಳಕ್ಕೆ ಜರ್ಮನ್ ಸಂಗೀತಗಾರ ಮೆಂಡೆಲ್ಸನ್ ರಾಗ ಹೊಂದಿಸಿದ. ಗಂಡಸರ ಗಾಯನವೃಂದ ಹಾಡಿತು, ವಾದ್ಯವೃಂದ ನುಡಿಸಿತು. ಕೇಳಲು ಸೊಗಸು, ಆದರೆ ನಾಟಕ ನಿಂತು ನಿಂತು ನಡೆಯಿತು. ಅದೇ ಸಂಗೀತದೊಂದಿಗೆ ನಾಟಕ 1845ರಲ್ಲಿ ಲಂಡನ್ನಿನ ಕೊವೆಂಟ್ ಗಾರ್ಡನ್ ರಂಗಮಂದಿರಕ್ಕೆ ಬಂದಾಗ ‘ಪಂಚ್’ ಹಾಸ್ಯಪತ್ರಿಕೆ ಮೇಳದವರನ್ನೇ ವ್ಯಂಗ್ಯಚಿತ್ರಕ್ಕೆ ಎಳೆಯಿತು: ಮೇಳದ ಮುಖ್ಯಸ್ಥನ ಗ್ರೀಕ್ ನಿಲುವಂಗಿಯ ಕೆಳಗೆ ಚೌಕಳಿ ಪ್ಯಾಂಟು ಇಣುಕುತ್ತಿತ್ತು. ಚಿತ್ರ ಕಂಡು ಮೆಂಡೆಲ್ಸನ್ನನೇ ಖುಷಿಪಟ್ಟನಂತೆ.

ನಿರ್ದೇಶಕ ಮ್ಯಾಕ್ಸ್ ರೈನ್‌ಹಾರ್ಟ್ 1910ರಲ್ಲಿ ಮ್ಯೂನಿಕ್‌ನಲ್ಲೂ ಬರ್ಲಿನ್ನಿನ ಸರ್ಕಸ್ ಕಟ್ಟಡದಲ್ಲೂ ‘ಈಡಿಪಸ್’ ಆಡಿಸಿದಾಗ ಹಾಡು ಬಿಟ್ಟು ಜನವನ್ನು ಹಿಡಿದ. ಪ್ಲೇಗಿನಿಂದ ಕಂಗೆಟ್ಟ ಥೀಬ್ಸ್‌ನ ಪ್ರಜೆಗಳಾಗಿ ನೂರಾರು ಮಂದಿ ಕೈಚಾಚಿಕೊಂಡು ಅಂಗಳಕ್ಕೆ ನುಗ್ಗಿದರು. ಇಷ್ಟು ಜನ ಒಟ್ಟಿಗೆ ಮಾತಾಡಿದರೆ ಏನಾಗುತ್ತದೆ ಎಂಬುದು ಆಡಿಸಿದವರಿಗೆಲ್ಲ ಗೊತ್ತು. ಸ್ವರಗಳು ಒಂದಕ್ಕೊಂದು ಸೇರಿ ದೊಡ್ಡದಾಗುತ್ತವೆ. ‘ಕ’, ‘ತ’, ‘ಪ’ದಂಥ ವ್ಯಂಜನಗಳು ಮಾತ್ರ ಒಬ್ಬೊಬ್ಬರ ಬಾಯಿಂದ ಚೂರು ಹಿಂದೆಮುಂದೆ ಬೀಳುತ್ತವೆ, ಪದದ ಅಂಚು ಅಳಿಸಿಹೋಗುತ್ತದೆ. ಹಿಂದಿನ ಸಾಲಿನವರಿಗೆ ಕೇಳುವುದು ಭೋರ್ಗರೆತ, ಅರ್ಥವಲ್ಲ. ಅದಕ್ಕೆ ಹೆದರಿ ನಿಧಾನಿಸಿದರೆ ಶಾಲೆಯ ಪ್ರಾರ್ಥನೆಯ ರಾಗ ಬಂದುಬಿಡುತ್ತದೆ. ಮದ್ದು ಇಲ್ಲವೆಂದಲ್ಲ: ಒಂದು ಉಸಿರಿಗೆ ನಿಲ್ಲುವಂತೆ ಸಾಲನ್ನು ಮುರಿಯಬೇಕು, ಉಸಿರೆಳೆಯುವ ಜಾಗವನ್ನು ಎಲ್ಲರ ಪ್ರತಿಯಲ್ಲೂ ಒಂದೇ ಕಡೆ ಗುರುತು ಮಾಡಬೇಕು, ಕಥೆಗೆ ಬೇಕಾದ ಹೆಸರು, ಸಂಗತಿಗಳನ್ನು ಒಂಟಿ ದನಿಗೆ ಕೊಟ್ಟು, ಒಟ್ಟು ದನಿಯನ್ನು ಮೊರೆಗೂ ಶಾಪಕ್ಕೂ ಉಳಿಸಿಕೊಳ್ಳಬೇಕು. ಇದಕ್ಕೆ ವಾರಗಟ್ಟಲೆ ತಾಲೀಮು ಬೇಕು, ದುಡ್ಡು ಬೇಕು. ಮುಂದಿನವರು ಮೇಳವನ್ನು ಕಿರಿದು ಮಾಡಿದ್ದರ ಹಿಂದೆ ಕಲೆಯಷ್ಟೇ ಈ ಲೆಕ್ಕವೂ ಇದೆ.

ಕನ್ನಡದಲ್ಲಿ ಈ ನಾಟಕಗಳು ಮೊದಲು ಬಂದದ್ದು ಕಾವ್ಯದ ದಾರಿಯಲ್ಲಿ. ಬಿ.ಎಂ.ಶ್ರೀ. ಸೋಫೊಕ್ಲಿಸ್‌ನ ‘ಏಜಾಕ್ಸ್’ ನಾಟಕವನ್ನು ಮಹಾಭಾರತಕ್ಕೆ ಒಗ್ಗಿಸಿ ‘ಅಶ್ವತ್ಥಾಮನ್’ (1929) ಬರೆದರು, ಈಸ್ಕಿಲಸ್‌ನ ‘ಪರ್ಶಿಯನ್ಸ್’ ಅನ್ನು ‘ಪಾರಸಿಕರು’ (1935) ಆಗಿ ತಂದರು. ಚಿರಂಜೀವಿಯೆಂದು ಹೆಸರಾದ ಅಶ್ವತ್ಥಾಮ ರಂಗದ ಮೇಲೆ ಸಾಯುವುದು ಸಣ್ಣ ಸಾಹಸವೇನಲ್ಲ. ಮುಂದೆ ಲಂಕೇಶ್ ಈಡಿಪಸ್, ಅಂತಿಗೊನೆ ನಾಟಕಗಳನ್ನು ಆಡುಮಾತಿಗೆ ಹತ್ತಿರದ ಕನ್ನಡಕ್ಕೆ ತಂದರು. 1970ರ ದಶಕದ ಆರಂಭದಲ್ಲಿ ಬಿ.ವಿ. ಕಾರಂತರು ಬೆಂಗಳೂರಿನಲ್ಲಿ ‘ಈಡಿಪಸ್’ ಆಡಿಸಿದರು.

ಯುರೋಪಿನಲ್ಲಿ ಎರಡನೇ ಮಹಾಯುದ್ಧ ಮೇಳವನ್ನು ಕುಗ್ಗಿಸಿತು. ಜರ್ಮನ್ನರ ಹಿಡಿತದಲ್ಲಿದ್ದ ಪ್ಯಾರಿಸ್‌ನಲ್ಲಿ 1944ರ ಫೆಬ್ರುವರಿಯಲ್ಲಿ ತೆರೆಕಂಡ ಫ್ರೆಂಚ್ ನಾಟಕಕಾರ ಅನೂಯಿಯ ‘ಆಂಟಿಗೊನೆ’ಯಲ್ಲಿ ಮೇಳವೆಂದರೆ ಒಬ್ಬನೇ ಮನುಷ್ಯ, ಪಾತ್ರಗಳನ್ನು ಪರಿಚಯಿಸುತ್ತ, ಯಾರು ಸಾಯುತ್ತಾರೆಂದು ಮೊದಲೇ ಹೇಳಿಬಿಡುತ್ತಾನೆ. ಜರ್ಮನ್ ನಾಟಕಕಾರ ಬ್ರೆಕ್ಟ್ 1948ರಲ್ಲಿ ಸ್ವಿಟ್ಜರ್ಲೆಂಡಿನ ಖೂರ್ ಪಟ್ಟಣದಲ್ಲಿ ಅದೇ ಕಥೆ ಹಿಡಿದಾಗ ಮೇಳ ನಾಲ್ವರು ಮುದುಕರದಾಯಿತು, ಕ್ರೆಯಾನ್‌ನ ಯುದ್ಧದಿಂದ ಲಾಭವಾಗುವ ತನಕ ಅವನಿಗೆ ಜೈ ಎನ್ನುವವರದು. ಕುದುರೆಯ ತಲೆಬುರುಡೆ ಸಿಕ್ಕಿಸಿದ ಕಂಬಗಳ ನಡುವೆ ಆಟ; ಸರದಿ ಬರದ ನಟರು ಹಿಂದಿನ ಬೆಂಚಿನಲ್ಲಿ ಎಲ್ಲರಿಗೂ ಕಾಣುವಂತೆ ಕೂತಿರುತ್ತಿದ್ದರು. ಕೊನೆಗೆ ಮೇಳವೇ ಇಲ್ಲದ ಆಂಟಿಗೊನೆ 1973ರಲ್ಲಿ ಕೇಪ್‌ಟೌನ್‌ನಲ್ಲಿ ಬಂತು. ಅಥಾಲ್ ಫ್ಯೂಗಾರ್ಡ್, ಜಾನ್ ಕಾನಿ, ವಿನ್ಸ್‌ಟನ್ ಎನ್‌ಟ್ಶೋನಾ ಕೂಡಿ ಕಟ್ಟಿದ ‘ದಿ ಐಲೆಂಡ್’ನಲ್ಲಿ ಇಬ್ಬರು ಕೈದಿಗಳು ಜೈಲಿನ ಕಾರ್ಯಕ್ರಮಕ್ಕೆ ಆಂಟಿಗೊನೆಯ ವಿಚಾರಣೆಯನ್ನು ಆಡುತ್ತಾರೆ. ಎದುರು ಕೂತ ಪ್ರೇಕ್ಷಕರೇ ಮಿಕ್ಕ ಕೈದಿಗಳು ಮತ್ತು ಜೈಲು ಅಧಿಕಾರಿಗಳು. ಮೇಳವನ್ನು ತೆಗೆದುಹಾಕಿಯೂ ಅದರ ಕೆಲಸ ಉಳಿಸಿಕೊಂಡದ್ದು ಇಷ್ಟು ಜಾಣತನದಿಂದ ಬೇರೆಲ್ಲೂ ಆಗಿಲ್ಲವೆನ್ನಬೇಕು.

ಮೇಳಕ್ಕೆ ಮತ್ತೆ ಮೈ ಬಂದದ್ದು 1980ರ ನಂತರ. ಪೀಟರ್ ಹಾಲ್ 1981ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರ್‌ನಲ್ಲಿ ಈಸ್ಕಿಲಸ್‌ನ ಮೂರು ನಾಟಕಗಳ ಸರಣಿ ‘ಒರೆಸ್ಟಿಯ’ವನ್ನು ಗಂಡಸರಿಂದಲೇ, ಪೂರ್ತಿ ಮುಖವಾಡ ತೊಡಿಸಿ ಆಡಿಸಿದ, ಟೋನಿ ಹ್ಯಾರಿಸನ್‌ನ ಅನುಪ್ರಾಸ ತುಂಬಿದ ಮಾತು ತಾಳವಾದ್ಯದ ಮೇಲೆ ಓಡುತ್ತಿತ್ತು. ಹೆಚ್ಚು ದೂರ ಹೋದದ್ದು ಮಾತ್ರ ಫ್ರೆಂಚ್ ನಿರ್ದೇಶಕಿ ಆರಿಯಾನ್ ನೂಶ್ಕಿನ್. ಪ್ಯಾರಿಸ್ ಹೊರವಲಯದ ಹಳೆಯ ಮದ್ದುಗುಂಡಿನ ಕಾರ್ಖಾನೆಯಲ್ಲಿ 1990ರಿಂದ 1992ರವರೆಗೆ ಅವಳು ಕಟ್ಟಿದ ‘ಲೇಸ್ ಅತ್ರೀದ್’ ನಾಲ್ಕು ನಾಟಕಗಳ ಸರಣಿ. ಈಸ್ಕಿಲಸ್‌ನ ಮೂರಕ್ಕೆ ಮುಂಚೆ ಯುರಿಪಿಡಿಸ್‌ನ ಇಫಿಜೆನಿಯ ನಾಟಕವನ್ನು ಸೇರಿಸಿದಳು. ತಂದೆಯೇ ಮಗಳು ಇಫಿಜೆನಿಯಳನ್ನು ಬಲಿಕೊಟ್ಟದ್ದನ್ನು ಕಣ್ಣಾರೆ ಕಂಡ ಪ್ರೇಕ್ಷಕರು, ತಾಯಿ ಕ್ಲಿಟೆಮ್ನೆಸ್ಟ್ರ ಆ ಗಂಡನನ್ನು ಕೊಂದಾಗ ಅವಳನ್ನು ಸುಲಭವಾಗಿ ರಾಕ್ಷಸಿ ಎನ್ನಲಾರರು.

ಮೇಳದ ವಿಷಯದಲ್ಲಿ ಅವಳ ಪರಿಹಾರ ನಮಗೆ ಹತ್ತಿರದ್ದು. ಮಾತನ್ನು ಮುಖ್ಯವಾಗಿ ಮೇಳದ ನಾಯಕಿಗೆ ಬಿಟ್ಟು, ಉಳಿದವರಿಗೆ ಕುಣಿತ ಕೊಟ್ಟಳು. ವೇಷ, ಮುಖವರ್ಣಿಕೆ, ಹೆಜ್ಜೆಗಳಿಗೆ ಕಥಕ್ಕಳಿ ಮತ್ತು ಭರತನಾಟ್ಯದ ಬೆಂಬಲ. ನಾಯಕಿ ಕ್ಯಾಥರೀನ್ ಶೋಬ್ ಕಥಕ್ಕಳಿ ಕಲಿತವಳು. ಇಫಿಜೆನಿಯ, ಕಸಾಂಡ್ರ, ಎಲೆಕ್ಟ್ರ ಮೂರನ್ನೂ ಆಡಿದ್ದು ಭಾರತದ ನಿರುಪಮಾ ನಿತ್ಯಾನಂದನ್. ಭಾಗವತರು ಹಾಡಿ ವೇಷಧಾರಿ ಕುಣಿಯುವ ಯಕ್ಷಗಾನ ಕಂಡವರಿಗೆ ಈ ಹಂಚಿಕೆಯ ಲಾಭ ಬಿಡಿಸಿ ಹೇಳಬೇಕಿಲ್ಲ: ಮಾತು ಒಂದೇ ಬಾಯಿಂದ ಬರುವುದರಿಂದ ಪದ ಕೆಡುವುದಿಲ್ಲ, ಉಸಿರು ಕುಣಿಯುವವರಿಗೆ ಉಳಿಯುತ್ತದೆ. ಇದರ ಬೆಲೆಯೂ ಇದೆ. ಅಂಥ ದೇಹವನ್ನು ಎರಡು ತಿಂಗಳ ತಾಲೀಮಿನಲ್ಲಿ ತಯಾರು ಮಾಡಲಾಗದು, ವರ್ಷಗಟ್ಟಲೆ ಒಟ್ಟಿಗಿರುವ ತಂಡವೇ ಬೇಕು.

ಈಚಿನ ಪ್ರಯೋಗಗಳು ಎರಡು ಕವಲಾಗಿವೆ. ನಿರ್ದೇಶಕ ರಾಬರ್ಟ್ ಐಕ್ 2015ರಲ್ಲಿ ಲಂಡನ್ನಿನ ಅಲ್ಮೈಡಾ ರಂಗಮಂದಿರದಲ್ಲಿ ‘ಒರೆಸ್ಟಿಯ’ ಮಾಡಿದಾಗ ಮೇಳವನ್ನು ಕಿತ್ತುಹಾಕಿ, ಮಗಳ ಬಲಿಯನ್ನು ಹೊಸದಾಗಿ ಬರೆದು, ಊಟದ ಮೇಜಿನ ಸುತ್ತ ಕೂತ ಕುಟುಂಬದ ಕಥೆ ಮಾಡಿದ. ಬಿಗಿಯಾದ ನಾಟಕವೇ. ಆದರೆ ಒಂದು ಮನೆಯ ಸಾವಿಗೆ ಊರು ತೆರುವ ದಂಡ ಅದರಲ್ಲಿ ಮಸುಕಾಯಿತು. ಡೇವಿಡ್ ಗ್ರೆಗ್ ಹೊಸದಾಗಿ ಬರೆದ ಈಸ್ಕಿಲಸ್‌ನ ‘ಸಪ್ಲಯಂಟ್ ವಿಮೆನ್’ 2016ರಲ್ಲಿ ಎಡಿನ್‌ಬರಾದಲ್ಲಿ ಇದಕ್ಕೆ ತಿರುಗಾಮುರುಗಾ ನಡೆಯಿತು. ಬಲವಂತದ ಮದುವೆ ತಪ್ಪಿಸಿಕೊಂಡು ಸಮುದ್ರ ದಾಟಿ ಬಂದ ಹೆಣ್ಣುಮಕ್ಕಳ ಮೇಳಕ್ಕೆ ಊರಿನ ಹವ್ಯಾಸಿ ಯುವತಿಯರನ್ನೇ ಆರಿಸಿದರು, ಔಲೋಸ್ ಮಾದರಿಯ ವಾದ್ಯವನ್ನೂ ನುಡಿಸಿದರು. ನಾಟಕ ಬೇರೆ ಊರಿಗೆ ಹೋದಾಗ ವೃತ್ತಿನಟರು ಮಾತ್ರ ಪಯಣಿಸಿದರು. ಮೇಳವನ್ನು ಆಯಾ ಊರಿನಲ್ಲೇ ಹೊಸದಾಗಿ ಕಟ್ಟಬೇಕಿತ್ತು. ಹಗಲು ಕಾಲೇಜು, ನೌಕರಿ ಇರುವವರಿಗೆ ಈ ಬಗೆಯ ತಾಲೀಮು ಸಂಜೆಗೆ ಸೇರಬೇಕಾಗುತ್ತದೆ, ಹಾಗಾಗಿ ನಟರು ಬಂದಿಳಿಯುವ ಬಹಳ ಮೊದಲೇ ಹಾಡು ಬಾಯಿಪಾಠವಾಗಿರದಿದ್ದರೆ ಆಟ ಕೂರುವುದಿಲ್ಲ.

ಸ್ವಿಸ್ ನಿರ್ದೇಶಕ ಮೀಲೋ ರಾವ್ 2023ರ ‘ಆಂಟಿಗೊನೆ ಇನ್ ದಿ ಅಮೆಜಾನ್’ಗೆ ಬ್ರೆಜಿಲ್‌ನ ಭೂರಹಿತ ಕಾರ್ಮಿಕರ ಚಳವಳಿಯವರನ್ನು ಮೇಳವಾಗಿ ತಂದ. 1996ರ ಏಪ್ರಿಲ್ 17ರಂದು ಪೊಲೀಸರು ಅವರ ಮೆರವಣಿಗೆಯ ಮೇಲೆ ಗುಂಡು ಹಾರಿಸಿದ ರಸ್ತೆಯಲ್ಲೇ ಆ ದಿನವನ್ನು ಮತ್ತೆ ಆಡಿಸಿ ಚಿತ್ರೀಕರಿಸಿದರು. ಅಷ್ಟು ಜನರನ್ನು ಊರೂರಿಗೆ ಕರೆದೊಯ್ಯಲಾಗದು. ಹೀಗಾಗಿ ಮೇಳ ಪರದೆಯ ಮೇಲೆ, ನಟರು ಅದರ ಮುಂದೆ. ನಟರು ಒಂದು ಮಾತು ಮರೆತರೂ ಪರದೆಯ ಮೇಳ ಕಾಯುವುದಿಲ್ಲ, ತನ್ನ ಸಾಲನ್ನು ಸಮಯಕ್ಕೆ ಸರಿಯಾಗಿ ಹೇಳಿಬಿಡುತ್ತದೆ.