ಆಟದೊಳಗೆ ಬರುವ ಲೆಕ್ಕ ಪುಸ್ತಕದಲ್ಲಿ ಯಾಕೆ ಬರಲ್ಲ?

2002ರಲ್ಲಿ ವೈವಿಲ್ ಅನ್ನೋ ಆನ್‌ಲೈನ್ ಊರಿನಲ್ಲಿ ಒಂದು ಸಾಂಕ್ರಾಮಿಕ ರೋಗ ಹರಡಿತು. 1999ರಲ್ಲಿ ಮಕ್ಕಳಿಗೆಂದೇ ಶುರುವಾದ ಊರು ಅದು. ವಿಜ್ಞಾನದ ಆಟ ಆಡಿದರೆ ಅಲ್ಲಿ ಸಂಬಳ ಸಿಗುತ್ತಿತ್ತು, ಆ ಸಂಬಳದಲ್ಲಿ ಮಕ್ಕಳು ತಮ್ಮ ಗೊಂಬೆಮುಖಕ್ಕೆ ಕಣ್ಣು, ಮೂಗು, ಕೂದಲು ಕೊಂಡು ಸಿಂಗರಿಸುತ್ತಿದ್ದರು. ಒಂದು ದಿನ ನೋಡಿದರೆ ಆ ಮುಖಗಳ ತುಂಬಾ ಕೆಂಪು ಗುಳ್ಳೆ! ಚಾಟ್‌ನಲ್ಲಿ ಏನೋ ಬರೆಯಲು ಹೋದರೆ ಮಧ್ಯೆ 'ಆಕ್ಷೀ' ಅಂತ ಸೀನು. ಊರು ನಡೆಸುವವರೇ ಬೇಕಂತ ಬಿಟ್ಟ ರೋಗ ಅದು, ಹೆಸರು ವೈಪಾಕ್ಸ್. ಯಾರಿಂದ ಬಂತು, ಹೇಗೆ ಹರಡುತ್ತದೆ, ಯಾವಾಗ ಹೋಗುತ್ತದೆ ಅಂತ ಮಕ್ಕಳು ತಾವಾಗಿಯೇ ತಲೆಕೆಡಿಸಿಕೊಂಡರು. ಶಿಕ್ಷಣ ಸಂಶೋಧಕಿ ಯಾಸ್ಮಿನ್ ಕಫಾಯ್ ಮತ್ತು ಜೊತೆಗಾರರು ಇದನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ.

ಇಂಥ ಲೋಕಗಳಲ್ಲಿ ಮಕ್ಕಳು ಏನಾದರೂ ಕಲಿಯುತ್ತಾರಾ ಅಂತ ಕೇಳಿದರೆ, ಕಲಿಯುತ್ತಾರೆ, ಅದರಲ್ಲಿ ನನಗೆ ಅನುಮಾನ ಇಲ್ಲ. ಕಲಿತದ್ದು ಆ ಲೋಕದಿಂದ ಆಚೆ ಬರುತ್ತದಾ ಅನ್ನೋದೇ ತಕರಾರು.

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಬಿಲ್ಡಿಂಗ್‌ನಲ್ಲಿ ಧಾರವಾಡ ಕಡೆಯವರ ಹುಡುಗ ಒಬ್ಬ ಇದ್ದಾನೆ, ಆರನೇ ಕ್ಲಾಸು. ಮನೆಯಲ್ಲಿ ಕನ್ನಡ, ಕೆಳಗೆ ಕ್ರಿಕೆಟ್ ಆಡುವಾಗ ಮರಾಠಿ, ಚೌಕ ಚೌಕ ಅಗೆದು, ಜೋಡಿಸಿ ಕಟ್ಟುವ ಮೈನ್‌ಕ್ರಾಫ್ಟ್ ಅನ್ನೋ ಕಂಪ್ಯೂಟರ್ ಆಟದಲ್ಲಿ ಹೆಡ್‌ಫೋನ್ ಹಾಕಿಕೊಂಡು ಹಿಂದಿ. ಆ ಆಟದಲ್ಲಿ ನಿಂತ ಜಾಗವನ್ನು ಮೂರು ಅಂಕಿಗಳು ಹೇಳುತ್ತವೆ, ಒಂದು ಎತ್ತರದ್ದು. ಸಮುದ್ರಮಟ್ಟ 62ರ ಹತ್ತಿರ. ಅಗೆಯುತ್ತಾ ಹೋದರೆ ಸೊನ್ನೆ ಬರುತ್ತದೆ, ಇನ್ನೂ ಅಗೆದರೆ ಮೈನಸ್. ವಜ್ರ ಜಾಸ್ತಿ ಸಿಗೋದು ಮೈನಸ್ 59ರ ಆಸುಪಾಸಿನಲ್ಲಿ.

"ಈಗ 70ರಾಗ ನಿಂತೀದಿ, ವಜ್ರ ಸಿಗೋ ಮಟ ಎಷ್ಟು ಅಗೀಬೇಕು?" ಅಂತ ಕೇಳಿದೆ. "ನೂರಾ ಇಪ್ಪತ್ತೊಂಬತ್ತು ಕಾಕಾ," ಅಂದ, ಸ್ಕ್ರೀನಿನಿಂದ ಕಣ್ಣು ಕೂಡ ತೆಗೆಯಲಿಲ್ಲ. ಅವನದೇ ನೋಟ್‌ಬುಕ್ಕಿನಲ್ಲಿ 70 − (−59) ಅಂತ ಬರೆದು ಕೊಟ್ಟೆ. ಪೆನ್ಸಿಲ್ ಕಚ್ಚಿ, ಸ್ವಲ್ಪ ಯೋಚಿಸಿ, 11 ಅಂತ ಬರೆದ. ಎರಡೂ ಒಂದೇ ಲೆಕ್ಕ ಅಲ್ಲೇನೋ ಅಂದರೆ, "ಅದು ಮ್ಯಾಥ್ಸ್ ಕಾಕಾ, ಇದು ಗೇಮ್" ಅಂತ ನನಗೇ ತಿಳಿಹೇಳಿದ.

ಹುಡುಗ ದಡ್ಡ ಅಂತಲ್ಲ. 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತಿತರರ ಒಂದು ಅಧ್ಯಯನ ಬಂತು. ಕೋಲ್ಕತಾ ಮತ್ತು ದೆಹಲಿಯ ಮಾರ್ಕೆಟ್‌ಗಳಲ್ಲಿ ವ್ಯಾಪಾರ ಮಾಡುವ ಮಕ್ಕಳು ತೂಕ, ದರ, ಚಿಲ್ಲರೆ ಎಲ್ಲವನ್ನೂ ಬಾಯಲ್ಲೇ ಲೆಕ್ಕ ಹಾಕುತ್ತಿದ್ದರು. ಅದೇ ಕೂಡು-ಕಳೆಯನ್ನು ಶಾಲೆಯ ರೀತಿಯಲ್ಲಿ ಹಾಳೆ ಮೇಲೆ ಕೊಟ್ಟರೆ ಬಹಳಷ್ಟು ಮಕ್ಕಳಿಗೆ ಆಗಲಿಲ್ಲ. ತಮಾಷೆ ಅಂದರೆ, ಹಾಳೆ ಮೇಲೆ ಚೆನ್ನಾಗಿ ಮಾಡುವ ಶಾಲೆಯ ಮಕ್ಕಳು ಮಾರ್ಕೆಟ್ ಲೆಕ್ಕದಲ್ಲಿ ತಡವರಿಸಿದರು.

ಆಟದಲ್ಲಿ ಮೈನಸ್ 59 ಅಂದರೆ ಒಂದು ಆಳ. ಅಲ್ಲಿ ಕತ್ತಲೆ ಇದೆ, ಲಾವಾದಲ್ಲಿ ಬಿದ್ದು ಸಾಯುವ ಹೆದರಿಕೆ ಇದೆ. ನೋಟ್‌ಬುಕ್ಕಿನಲ್ಲಿ ಅದು 'ಮೈನಸ್ ಮೈನಸ್ ಪ್ಲಸ್' ಅನ್ನೋ ಬಾಯಿಪಾಠ. ಇವೆರಡೂ ಒಂದೇ ಅಂತ ಯಾರೂ ತೋರಿಸಿಲ್ಲ, ತಲೆಯಲ್ಲಿ ಸುಮ್ನೆ ಬೇರೆ ಬೇರೆ ಕೂತಿವೆ. ಮಧ್ಯೆ ಒಬ್ಬರು ಕೂತು ಕೇಳಬೇಕು: ಹೇಗೆ ಗೊತ್ತಾಯ್ತು, ಬರೆದು ತೋರಿಸು, ಸೊನ್ನೆ ಎಲ್ಲಿ ಬರುತ್ತೆ. ಹಾರ್ವರ್ಡ್‌ನ ಕ್ರಿಸ್ ಡೀಡ್ ತಂಡ ಮಾಡಿದ 'ರಿವರ್ ಸಿಟಿ' ಅನ್ನೋ ಕಂಪ್ಯೂಟರ್ ಲೋಕ ಇದಕ್ಕೆ ಒಳ್ಳೆ ಉದಾಹರಣೆ. ಹತ್ತೊಂಬತ್ತನೇ ಶತಮಾನದ ಒಂದು ಊರಿನಲ್ಲಿ ಜನ ಕಾಯಿಲೆ ಬೀಳುತ್ತಿದ್ದಾರೆ, ನೀರೋ, ಸೊಳ್ಳೆಯೋ, ಒಬ್ಬರಿಂದೊಬ್ಬರಿಗೋ ಅಂತ ಮಕ್ಕಳು ತಿರುಗಾಡಿ ಹುಡುಕಬೇಕು. ಊಹೆ ಮಾಡಿ, ಪರೀಕ್ಷಿಸಿ, ಕೊನೆಗೆ ಕಂಪ್ಯೂಟರ್ ಬಿಟ್ಟು ಕ್ಲಾಸಿನಲ್ಲಿ ಮಾತಾಡಬೇಕು. ನನ್ನ ಪ್ರಕಾರ ಆ ಮಾತುಕತೆಯೇ ಅರ್ಧ ಪಾಠ. 'ಎಜುಕೇಶನಲ್' ಅಂತ ಲೇಬಲ್ ಅಂಟಿಸಿ ಮಾರುವ ಎಷ್ಟೋ ಆ್ಯಪ್‌ಗಳಲ್ಲಿ ಅದೇ ಇರಲ್ಲ.

ಆಟದೊಳಗಿನದನ್ನು ಆಚೆ ತರುವ ಕೆಲಸ ನಮ್ಮ ಮುಂಬೈಯಲ್ಲೇ ನಡೆದದ್ದೂ ಇದೆ. ವಿಶ್ವಸಂಸ್ಥೆಯ ಯುಎನ್-ಹ್ಯಾಬಿಟಾಟ್ ಮತ್ತು ಮೈನ್‌ಕ್ರಾಫ್ಟ್ ಮಾಡಿದ ಮೊಜಾಂಗ್ ಕಂಪನಿ 2012ರಲ್ಲಿ 'ಬ್ಲಾಕ್ ಬೈ ಬ್ಲಾಕ್' ಅನ್ನೋ ಕಾರ್ಯಕ್ರಮ ಶುರು ಮಾಡಿದವು. ಬಡಾವಣೆಯ ಜನರೇ ತಮ್ಮ ಪಾರ್ಕು, ಮೈದಾನ ಹೇಗಿರಬೇಕು ಅಂತ ಆಟದಲ್ಲಿ ಕಟ್ಟಿ ತೋರಿಸೋದು. ಲೋಕಲ್ ರೈಲಿನ ಹಾರ್ಬರ್ ಲೈನಿನ ಗೋವಂಡಿಯಲ್ಲೂ ಒಂದು ಉದ್ಯಾನಕ್ಕೆ ಇದನ್ನು ಮಾಡಿದ್ದರು. ಆಟದ ಒಂದು ಚೌಕ ಅಂದರೆ ಒಂದು ಮೀಟರ್. ಹಾಗಾಗಿ ಗೋಡೆ ಎರಡು ಚೌಕ ಸಾಕಾ, ದೀಪ ಎಲ್ಲಿ, ಬೆಂಚು ಎಲ್ಲಿ ಅಂತ ಜಗಳ ಆಡುವಾಗ ನಿಜವಾದ ಜಾಗದ ಬಗ್ಗೆಯೇ ಜಗಳ ಆಡಿದಂತೆ ಆಗುತ್ತದೆ.

ಚಾಟ್‌ನಲ್ಲಿ ಸಿಗುವ ಅಪರಿಚಿತರು, ದುಡ್ಡು ಕೊಟ್ಟು ಕೊಳ್ಳುವ ಟೋಪಿ-ಕತ್ತಿ, ಇವೆಲ್ಲ ಬೇರೆಯೇ ತಲೆನೋವು. ಸೆಟ್ಟಿಂಗ್‌ಗೆ ಹೋಗಿ ಚಾಟ್ ಬಂದ್ ಮಾಡಿ, ಯುಪಿಐ ಪಿನ್ ನಿಮ್ಮ ತಲೆಯಲ್ಲೇ ಇರಲಿ. ಆಮೇಲೆ ಪಕ್ಕದಲ್ಲಿ ಒಂದು ಕುರ್ಚಿ ಎಳೆದುಕೊಂಡು ಕೂತು, ನೀವು ಹೇಳಿಕೊಡೋ ಬದಲು ಮಕ್ಕಳಿಂದಲೇ ಹೇಳಿಸಿಕೊಳ್ಳಿ. ಮೊದಲ ಹತ್ತು ನಿಮಿಷ ಏನೂ ಅರ್ಥ ಆಗಲ್ಲ, ಪರವಾಗಿಲ್ಲ.